ಆರೋಗ್ಯ ವಿಮೆ: ನೌಕರಿ ಇರುವಾಗಲೇ ಸ್ವಂತ ಪಾಲಿಸಿ ಇರಲಿ

ಡೊಂಬಿವಲಿ: ಬೆಳಗ್ಗಿನ ಲೋಕಲ್ ಹಿಡಿದು ಮುಂಬಯಿಗೆ ಹೋಗಿ, ರಾತ್ರಿ ಜನಜಂಗುಳಿಯ ನಡುವೆ ನಿಂತುಕೊಂಡೇ ಮನೆ ಸೇರುವ ಡೊಂಬಿವಲಿ, ಕಲ್ಯಾಣ್ ಪರಿಸರದ ಕನ್ನಡಿಗರಿಗೆ ಲೆಕ್ಕಾಚಾರ ಹೊಸತಲ್ಲ. ಮನೆ ಸಾಲದ ಕಂತು, ಮಕ್ಕಳ ಫೀಸು, ಊರಿಗೆ ಕಳುಹಿಸುವ ಹಣ, ಸಂಘದ ವಂತಿಗೆ ಎಲ್ಲವೂ ತಿಂಗಳ ಮೊದಲ ವಾರದಲ್ಲೇ ಅದರದರ ಜಾಗ ಸೇರುತ್ತವೆ. ಆದರೆ ಈ ಪಟ್ಟಿಯಲ್ಲಿ ಹೆಚ್ಚಾಗಿ ಬಿಟ್ಟುಹೋಗುವುದು ಆರೋಗ್ಯ ವಿಮೆ. ‘ಕಂಪೆನಿಯ ಮೆಡಿಕ್ಲೇಮ್ ಇದೆಯಲ್ಲ’ ಎಂಬ ಒಂದೇ ಮಾತಿನಲ್ಲಿ ವಿಷಯ ಮುಗಿದುಹೋಗುತ್ತದೆ.

ಆಸ್ಪತ್ರೆಯ ಬಿಲ್ಲು ಲಕ್ಷ ದಾಟಿದಾಗ ಸಂಘದ ಪದಾಧಿಕಾರಿಗಳ ಮನೆಗೆ ಫೋನ್ ಬರುತ್ತದೆ. ಬಂಧುಗಳು, ಊರಿನವರು, ಹೊಟೇಲ್ ಉದ್ಯಮಿಗಳು ಕೈಲಾದಷ್ಟು ನೀಡುತ್ತಾರೆ. ಪರವೂರಿನಲ್ಲಿ ಬದುಕು ಕಟ್ಟಿಕೊಂಡ ಸಮಾಜದ ದೊಡ್ಡ ಗುಣ ಇದು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ವಂತಿಗೆ ಎತ್ತಿ ತುಂಬಿಸಬಹುದಾದ ಮೊತ್ತಕ್ಕೂ ಇಂದಿನ ಆಸ್ಪತ್ರೆಯ ಬಿಲ್ಲಿಗೂ ಇರುವ ಅಂತರ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆ.

ಭಾರತದಲ್ಲಿ ಮೆಡಿಕ್ಲೇಮ್ ಪಾಲಿಸಿ ಬಂದದ್ದು 1986ರಲ್ಲಿ, ಸರಕಾರಿ ಸಾಮಾನ್ಯ ವಿಮಾ ಕಂಪೆನಿಗಳ ಮೂಲಕ. ಆಗ ಆಯ್ಕೆಯ ತೊಂದರೆಯೇ ಇರಲಿಲ್ಲ. 2000ದ ಬಳಿಕ ಖಾಸಗಿ ಕಂಪೆನಿಗಳಿಗೂ ಬಾಗಿಲು ತೆರೆದ ಮೇಲೆ ವೈಯಕ್ತಿಕ, ಫ್ಲೋಟರ್, ಗುಂಪು, ಟಾಪ್-ಅಪ್, ಗಂಭೀರ ಕಾಯಿಲೆ ಎಂದು ಹತ್ತಾರು ಬಗೆಗಳು ಬಂದಿವೆ. ಯಾವುದು ಯಾರಿಗೆ ಎಂಬುದೇ ಈಗಿನ ಪ್ರಶ್ನೆ.

ಒಂದು ಕುಟುಂಬದ ಉದಾಹರಣೆ

ಡೊಂಬಿವಲಿ ಪೂರ್ವದಲ್ಲಿ ನೆಲೆಸಿರುವ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳಬಹುದು. ಮನೆಯ ಯಜಮಾನನಿಗೆ 50 ವರ್ಷ. ಫೋರ್ಟ್ ಪರಿಸರದ ಖಾಸಗಿ ಕಂಪೆನಿಯಲ್ಲಿ ನೌಕರಿ, 58ಕ್ಕೆ ನಿವೃತ್ತಿ. ಮೂರು ವರ್ಷದಿಂದ ಸಕ್ಕರೆ ಕಾಯಿಲೆಯ ಮಾತ್ರೆ ಸೇವಿಸುತ್ತಿದ್ದಾನೆ. ಹೆಂಡತಿಗೆ 45, ಮಕ್ಕಳಿಬ್ಬರು ಕಲಿಯುತ್ತಿದ್ದಾರೆ. ನಾಲ್ವರಿಗೂ ಕಂಪೆನಿಯ 3 ಲಕ್ಷ ರೂ.ಗಳ ಗುಂಪು ವಿಮೆ ಇದೆ. 72 ವರ್ಷದ ತಾಯಿ ಕಾರ್ಕಳದ ಬಳಿಯ ಮನೆಯಲ್ಲಿದ್ದು, ದೀಪಾವಳಿ ಕಳೆದ ಮೇಲೆ ಕೆಲವು ತಿಂಗಳು ಡೊಂಬಿವಲಿಗೆ ಬರುತ್ತಾರೆ. ತಮ್ಮ ಕಲ್ಯಾಣ್‌ನ ಹೊಟೇಲೊಂದರಲ್ಲಿ ದುಡಿಯುತ್ತಿದ್ದು, ಅವನ ಸಂಬಳ 18,000 ರೂ.

ಇಂತಹ ಕುಟುಂಬಗಳು ಈ ಪರಿಸರದಲ್ಲಿ ಮನೆ ಮನೆಗೂ ಸಿಗುತ್ತವೆ. ಒಂದೇ ಮನೆಯವರಾದರೂ ಯಜಮಾನನಿಗೆ, ತಾಯಿಗೆ, ತಮ್ಮನಿಗೆ ಒಪ್ಪುವ ವಿಮೆ ಬೇರೆ ಬೇರೆ.

ಕಂಪೆನಿಯ ವಿಮೆ ಬಾಡಿಗೆ ಮನೆ ಇದ್ದಂತೆ

ಕಂಪೆನಿಯ ಗುಂಪು ವಿಮೆ ಒಳ್ಳೆಯದೇ. ಪ್ರೀಮಿಯಂ ಬಹುಪಾಲು ಮಾಲಕರದು. ಮೊದಲೇ ಇರುವ ಕಾಯಿಲೆಗೂ ಸಾಮಾನ್ಯವಾಗಿ ಮೊದಲ ದಿನದಿಂದಲೇ ರಕ್ಷಣೆ ಸಿಗುತ್ತದೆ. ಆದರೆ ಅದು ನೌಕರಿ ಇರುವ ತನಕ ಮಾತ್ರ. ನಿವೃತ್ತಿ, ರಾಜೀನಾಮೆ, ಕಂಪೆನಿ ಮುಚ್ಚುವುದು, ಇದರಲ್ಲಿ ಯಾವುದು ನಡೆದರೂ ರಕ್ಷಣೆ ಅಲ್ಲಿಗೆ ನಿಲ್ಲುತ್ತದೆ. ಆಸ್ಪತ್ರೆಯ ಅಗತ್ಯ ಹೆಚ್ಚಾಗುವ ವಯಸ್ಸಿನಲ್ಲೇ ಕೈ ಬರಿದಾಗುತ್ತದೆ.

ಇಲ್ಲಿ ವರ್ಷಗಳ ಲೆಕ್ಕ ಮುಖ್ಯ. ಪಾಲಿಸಿ ತೆಗೆದುಕೊಳ್ಳುವಾಗ ಇದ್ದ ಕಾಯಿಲೆಗೆ ಕಂಪೆನಿಗಳು ಕೆಲವು ಕಾಲ ಹಣ ನೀಡುವುದಿಲ್ಲ. ಇದೇ ಕಾಯುವ ಅವಧಿ. ಹಿಂದೆ 48 ತಿಂಗಳ ತನಕ ಇರಬಹುದಾಗಿದ್ದ ಈ ಅವಧಿಗೆ ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವು 2024ರ ಎಪ್ರಿಲ್‌ನಿಂದ 36 ತಿಂಗಳ ಮಿತಿ ಹಾಕಿದೆ. ಸತತ 60 ತಿಂಗಳು ಪಾಲಿಸಿ ನಡೆಸಿಕೊಂಡು ಬಂದ ಮೇಲೆ, ವಂಚನೆ ಸಾಬೀತಾದ ಹೊರತು, ‘ಮೊದಲೇ ಕಾಯಿಲೆಯ ವಿಷಯ ತಿಳಿಸಲಿಲ್ಲ’ ಎಂಬ ಕಾರಣಕ್ಕೆ ಕ್ಲೇಮ್ ನಿರಾಕರಿಸುವಂತಿಲ್ಲ. ಹಿಂದೆ ಇದಕ್ಕೆ 8 ವರ್ಷ ಕಾಯಬೇಕಿತ್ತು.

ನಮ್ಮ ಉದಾಹರಣೆಯ ಯಜಮಾನ 50ರಲ್ಲೇ ಸ್ವಂತ ಪಾಲಿಸಿ ತೆಗೆದುಕೊಂಡರೆ, 53ರ ವೇಳೆಗೆ ಸಕ್ಕರೆ ಕಾಯಿಲೆಯ ಕಾಯುವ ಅವಧಿ ಮುಗಿದಿರುತ್ತದೆ. 55ಕ್ಕೆ 60 ತಿಂಗಳೂ ತುಂಬುತ್ತದೆ. ಈ ವರ್ಷಗಳಲ್ಲಿ ಏನಾದರೂ ಆದರೆ ಕಂಪೆನಿಯ ವಿಮೆ ಇದ್ದೇ ಇದೆ. 58ಕ್ಕೆ ನೌಕರಿ ಬಿಡುವಾಗ ಪೂರ್ಣ ರಕ್ಷಣೆಯೊಂದಿಗೆ ಹೊರಬರುತ್ತಾನೆ. ಅದೇ 58ಕ್ಕೆ ಹೊಸದಾಗಿ ಪಾಲಿಸಿಗೆ ಅರ್ಜಿ ಹಾಕಿದರೆ ಪ್ರೀಮಿಯಂ ಹೆಚ್ಚು, ವೈದ್ಯಕೀಯ ತಪಾಸಣೆಯಲ್ಲಿ ತಿರಸ್ಕಾರವಾಗುವ ಭಯ ಬೇರೆ. ಸಿಕ್ಕಿದರೂ 61ರ ತನಕ ಕಾಯಬೇಕಾದೀತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ.

ನೌಕರಿ ಬಿಡುವವರು ಗುಂಪು ವಿಮೆಯಿಂದ ಅದೇ ವಿಮಾ ಕಂಪೆನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳುವ ಅವಕಾಶ ನಿಯಮಗಳಲ್ಲಿದೆ. ಆದರೆ ಹೊರಡುವ ಮೊದಲೇ ಆಫೀಸಿನಲ್ಲಿ ವಿಚಾರಿಸಿ, ಲಿಖಿತವಾಗಿ ಅರ್ಜಿ ನೀಡಬೇಕು. ತಿಂಗಳುಗಟ್ಟಲೆ ಕಳೆದ ಮೇಲೆ ಹೋದರೆ ಪ್ರಯೋಜನವಾಗದು.

ಸಂಘಟನೆಗಳ ಗುಂಪು ವಿಮೆ

ಸಂಘಟನೆಯ ಬಲದಿಂದ ವಿಮೆ ಪಡೆಯುವ ಕ್ರಮ ಕನ್ನಡಿಗರಿಗೆ ಹೊಸದಲ್ಲ. ಕರ್ನಾಟಕದ ಸಹಕಾರಿ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆ ದೇಶದ ಗಮನ ಸೆಳೆದಿತ್ತು. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ‘ಸಂಪೂರ್ಣ ಸುರಕ್ಷಾ’ 2004ರಲ್ಲಿ ಆರಂಭವಾಯಿತು. ಒಬ್ಬೊಬ್ಬರಾಗಿ ಹೋದರೆ ಸಿಗದ ದರ ಸಾವಿರಾರು ಮಂದಿ ಒಟ್ಟಾಗಿ ಹೋದರೆ ಸಿಗುತ್ತದೆ ಎಂಬುದು ಇದರ ತಿರುಳು.

ಆದರೆ ಗುಂಪು ವಿಮೆಯ ಒಪ್ಪಂದ ಸಂಸ್ಥೆ ಮತ್ತು ವಿಮಾ ಕಂಪೆನಿಯ ನಡುವಿನದು, ಸದಸ್ಯನ ಕೈಯಲ್ಲಿರುವುದು ಪ್ರಮಾಣಪತ್ರ ಮಾತ್ರ. ಒಂದು ವರ್ಷ ಕ್ಲೇಮ್ ಹೆಚ್ಚಾದರೆ ಮರುವರ್ಷ ದರ ಏರಬಹುದು, ಷರತ್ತು ಬದಲಾಗಬಹುದು, ಯೋಜನೆಯೇ ನಿಲ್ಲಲೂಬಹುದು. ಯಶಸ್ವಿನಿಯನ್ನೇ 2018ರಲ್ಲಿ ಆರೋಗ್ಯ ಕರ್ನಾಟಕದೊಂದಿಗೆ ವಿಲೀನಗೊಳಿಸಲಾಗಿತ್ತು. ಬಳಿಕ 2022-23ರಲ್ಲಿ ಮತ್ತೆ ಜಾರಿಗೆ ತರಲಾಯಿತು. ಸಂಘಟನೆಯ ವಿಮೆಗೆ ಸೇರುವವರು ಅದನ್ನು ಹೆಚ್ಚುವರಿ ಬಲವೆಂದು ತಿಳಿಯಬೇಕೇ ಹೊರತು ಅದೊಂದನ್ನೇ ನಂಬಿ ಕೂರಬಾರದು.

ಆಸ್ಪತ್ರೆಗಳು ನೀಡುವ ರಿಯಾಯಿತಿ ಕಾರ್ಡ್‌ಗಳ ವಿಷಯದಲ್ಲೂ ಗೊಂದಲವಿದೆ. ಊರಿನ ಕಡೆಯ ಅನೇಕ ಮನೆಗಳಲ್ಲಿ ಮಣಿಪಾಲ ಆರೋಗ್ಯ ಕಾರ್ಡ್ ಇರುತ್ತದೆ. ಅದರಿಂದ ಬಿಲ್ಲಿನಲ್ಲಿ ರಿಯಾಯಿತಿ ಸಿಗುತ್ತದೆ, ಉಪಯೋಗವೂ ಇದೆ. ಆದರೆ ರಿಯಾಯಿತಿ ಬೇರೆ, ವಿಮೆ ಬೇರೆ. ಉಳಿದ ಬಿಲ್ಲು ರೋಗಿಯದೇ.

ವೈಯಕ್ತಿಕವೋ, ಫ್ಲೋಟರೋ?

ವೈಯಕ್ತಿಕ ಪಾಲಿಸಿಯಲ್ಲಿ ಒಬ್ಬೊಬ್ಬರಿಗೂ ಪ್ರತ್ಯೇಕ ಮೊತ್ತ. ಫ್ಲೋಟರ್‌ನಲ್ಲಿ ಇಡೀ ಕುಟುಂಬಕ್ಕೆ ಒಂದೇ ಮೊತ್ತ, ಯಾರಿಗೆ ಬೇಕಾದರೂ ಅದರಿಂದಲೇ. 5 ಲಕ್ಷದ ಫ್ಲೋಟರ್‌ನಲ್ಲಿ ಒಬ್ಬರ ಚಿಕಿತ್ಸೆಗೆ 4 ಲಕ್ಷ ಖರ್ಚಾದರೆ ಆ ವರ್ಷ ಉಳಿದವರಿಗೆಲ್ಲ ಸೇರಿ 1 ಲಕ್ಷ ಮಾತ್ರ. ಮುಗಿದ ಮೊತ್ತವನ್ನು ಮತ್ತೆ ತುಂಬಿಸಿಕೊಡುವ ಸೌಲಭ್ಯ ಕೆಲವು ಪಾಲಿಸಿಗಳಲ್ಲಿದೆ. ಅದು ಅದೇ ವ್ಯಕ್ತಿಯ ಅದೇ ಕಾಯಿಲೆಗೂ ಸಿಗುತ್ತದೆಯೇ ಎಂದು ಕೇಳಿ ತಿಳಿಯಬೇಕು.

ವಯಸ್ಸು ಕಡಿಮೆ ಇರುವ ದಂಪತಿ, ಸಣ್ಣ ಮಕ್ಕಳು ಇರುವ ಮನೆಗೆ ಫ್ಲೋಟರ್ ಅಗ್ಗ ಮತ್ತು ಸಾಕು. ಆದರೆ ಫ್ಲೋಟರ್‌ನ ಪ್ರೀಮಿಯಂ ಸಾಮಾನ್ಯವಾಗಿ ಅದರಲ್ಲಿರುವ ಹಿರಿಯ ಸದಸ್ಯರ ವಯಸ್ಸನ್ನು ಆಧರಿಸಿರುತ್ತದೆ. ಹಾಗಾಗಿ 72ರ ತಾಯಿಯನ್ನೂ ಅದರಲ್ಲಿ ಸೇರಿಸಿದರೆ ಇಡೀ ಪಾಲಿಸಿ ದುಬಾರಿಯಾಗುತ್ತದೆ, ಮೊತ್ತವೂ ಬೇಗ ಕರಗುತ್ತದೆ. ತಂದೆ-ತಾಯಿಗೆ ಪ್ರತ್ಯೇಕ ಪಾಲಿಸಿಯೇ ಲೇಸು.

ಊರು ಮತ್ತು ಮುಂಬಯಿ ಎರಡೂ ಕಡೆ ಕಾಲಿಟ್ಟವರು ಇನ್ನೊಂದು ವಿಷಯ ಗಮನಿಸಬೇಕು. ಕೆಲವು ಕಂಪೆನಿಗಳು ದೇಶವನ್ನು ವಲಯಗಳಾಗಿ ವಿಂಗಡಿಸಿ ದರ ನಿಗದಿಪಡಿಸುತ್ತವೆ. ಮುಂಬಯಿ, ಥಾಣೆ, ನವಿಮುಂಬಯಿ ಸಾಮಾನ್ಯವಾಗಿ ದುಬಾರಿ ವಲಯದಲ್ಲಿ ಬರುತ್ತವೆ. ಊರಿನ ವಿಳಾಸ ಕೊಟ್ಟು ಕಡಿಮೆ ದರದಲ್ಲಿ ಪಾಲಿಸಿ ಪಡೆದು ಇಲ್ಲಿ ಚಿಕಿತ್ಸೆ ಪಡೆದರೆ ಬಿಲ್ಲಿನ ಒಂದು ಪಾಲನ್ನು ಕೈಯಿಂದ ಕಟ್ಟಬೇಕಾಗಬಹುದು. ನಿವೃತ್ತಿಯ ಬಳಿಕ ಊರಲ್ಲೇ ನೆಲೆಸುವ ಯೋಚನೆ ಇರುವವರು ಊರಿನ ಹತ್ತಿರದ ಆಸ್ಪತ್ರೆ ಕ್ಯಾಶ್‌ಲೆಸ್ ಪಟ್ಟಿಯಲ್ಲಿದೆಯೇ ಎಂದೂ ನೋಡಬೇಕು.

ರೂಮಿನ ಬಾಡಿಗೆಯ ಮಿತಿ

ಎರಡು ಪಾಲಿಸಿಗಳ ವಿಮಾ ಮೊತ್ತ ಒಂದೇ ಇದ್ದರೂ ಕೈಗೆ ಬರುವ ಹಣ ಒಂದೇ ಆಗಿರುವುದಿಲ್ಲ. ಮುಖ್ಯ ಕಾರಣ ರೂಮಿನ ಬಾಡಿಗೆಯ ಮಿತಿ. 3 ಲಕ್ಷದ ಪಾಲಿಸಿಯಲ್ಲಿ ದಿನದ ಬಾಡಿಗೆಗೆ ಶೇ. 1ರ ಮಿತಿ, ಅಂದರೆ 3,000 ರೂ. ಎಂದು ಇಟ್ಟುಕೊಳ್ಳೋಣ. ರೋಗಿ 6,000 ರೂ.ಗಳ ರೂಮಿನಲ್ಲಿ 5 ದಿನ ಇದ್ದರೆ, ‘ಹೆಚ್ಚಿನ 15,000 ರೂ. ಕೈಯಿಂದ ಕೊಟ್ಟರಾಯಿತು’ ಎಂದು ಮನೆಯವರು ತಿಳಿದಿರುತ್ತಾರೆ. ಆದರೆ ಲೆಕ್ಕ ಹಾಗಿಲ್ಲ.

ರೂಮಿನ ಬಾಡಿಗೆ 30,000, ಸರ್ಜನ್, ಆಪರೇಷನ್ ಥಿಯೇಟರ್, ಅರಿವಳಿಕೆ ಸೇರಿ 1,20,000, ಔಷಧಿ ಮತ್ತು ಪರೀಕ್ಷೆಗಳಿಗೆ 50,000, ಒಟ್ಟು ಬಿಲ್ಲು 2 ಲಕ್ಷ ಎಂದು ಭಾವಿಸಿದರೆ, ಮಿತಿಯ ಎರಡು ಪಟ್ಟು ರೂಮು ಪಡೆದ ಕಾರಣ ಬಾಡಿಗೆಯ ಜತೆಗೆ ಸರ್ಜನ್, ಥಿಯೇಟರ್ ಖರ್ಚನ್ನೂ ಅರ್ಧಕ್ಕೆ ಇಳಿಸುವ ಷರತ್ತು ಹಲವು ಪಾಲಿಸಿಗಳಲ್ಲಿದೆ. ಔಷಧಿ, ಪರೀಕ್ಷೆಗಳಿಗೆ ಈ ಕಡಿತ ಅನ್ವಯಿಸುವಂತಿಲ್ಲ. ಹೀಗಾಗಿ ಸಿಗುವುದು 15,000, 60,000 ಮತ್ತು 50,000 ಸೇರಿ 1,25,000 ರೂ. ಮನೆಯವರ ಕೈಯಿಂದ ಹೋಗುವುದು 75,000 ರೂ. ವಿಮಾ ಮೊತ್ತ 3 ಲಕ್ಷ ಇದ್ದೂ ಇಲ್ಲದಂತೆ.

ಸಹಪಾವತಿ, ಅಂದರೆ ಪ್ರತಿ ಕ್ಲೇಮಿನಲ್ಲಿ ನಿಗದಿತ ಶೇಕಡಾ ಭಾಗವನ್ನು ರೋಗಿಯೇ ಕಟ್ಟುವ ಷರತ್ತು ಇನ್ನೊಂದು. ಹಿರಿಯರ ಪಾಲಿಸಿಗಳಲ್ಲಿ ಇದು ಹೆಚ್ಚು. ಮೂರನೆಯದು ಕಣ್ಣಿನ ಪೊರೆ, ಹರ್ನಿಯಾ, ಮೊಣಕಾಲು ಬದಲಾವಣೆಯಂತಹ ನಿರ್ದಿಷ್ಟ ಚಿಕಿತ್ಸೆಗಳ ಮೇಲಿನ ಮಿತಿ ಮತ್ತು ಕಾಯುವ ಅವಧಿ. ಏಜೆಂಟರು ಪ್ರೀಮಿಯಂ ಹೇಳಿದ ಕೂಡಲೇ ಈ ಮೂರು ಪ್ರಶ್ನೆಗಳನ್ನು ಕೇಳಿ ಉತ್ತರವನ್ನು ಬರೆದುಕೊಳ್ಳುವುದು ಒಳ್ಳೆಯದು.

ಹೋಲಿಸಿ ನೋಡಲು ಒಂದು ಅಳತೆಗೋಲೂ ಇದೆ. 2020ರ ಎಪ್ರಿಲ್‌ನಿಂದ ಎಲ್ಲ ಕಂಪೆನಿಗಳೂ ಮಾರಬೇಕಾದ ‘ಆರೋಗ್ಯ ಸಂಜೀವನಿ’ ಪಾಲಿಸಿಯ ಷರತ್ತುಗಳು ಎಲ್ಲೆಡೆ ಒಂದೇ ಮಾದರಿ. ಅದರಲ್ಲಿ ಶೇ. 5 ಸಹಪಾವತಿ ಇದೆ. ರೂಮಿಗೆ ವಿಮಾ ಮೊತ್ತದ ಶೇ. 2, ಗರಿಷ್ಠ ದಿನಕ್ಕೆ 5,000 ರೂ. ಮಿತಿಯಿದೆ. ಬೇರೆ ಪಾಲಿಸಿ ಇದಕ್ಕಿಂತ ಎಷ್ಟು ಹೆಚ್ಚು ಕೊಡುತ್ತದೆ, ಅದಕ್ಕೆ ಎಷ್ಟು ಹೆಚ್ಚು ಕೇಳುತ್ತದೆ ಎಂದು ನೋಡಿದರೆ ಗೊಂದಲ ಅರ್ಧ ಕಡಿಮೆಯಾಗುತ್ತದೆ.

ಟಾಪ್-ಅಪ್ ಮತ್ತು ಸೂಪರ್ ಟಾಪ್-ಅಪ್

ದೊಡ್ಡ ಮೊತ್ತದ ರಕ್ಷಣೆ ಕಡಿಮೆ ಖರ್ಚಿನಲ್ಲಿ ಬೇಕಾದವರಿಗೆ ಇವು ಅನುಕೂಲ. ನಿಗದಿತ ಮೊತ್ತದ ತನಕ ಮೂಲ ಪಾಲಿಸಿಯಿಂದಲೋ ಕೈಯಿಂದಲೋ ಕಟ್ಟಬೇಕು, ಅದರ ಮೇಲಿನದನ್ನು ಇವು ಕೊಡುತ್ತವೆ. ಹೆಸರು ಒಂದೇ ರೀತಿ ಕೇಳಿಸಿದರೂ ವ್ಯತ್ಯಾಸ ದೊಡ್ಡದು. 5 ಲಕ್ಷದ ಮಿತಿ ಇರುವಾಗ ಒಂದೇ ವರ್ಷದಲ್ಲಿ ತಲಾ 4 ಲಕ್ಷದ ಎರಡು ಬಿಲ್ಲು ಬಂದಿತೆಂದುಕೊಳ್ಳಿ. ಟಾಪ್-ಅಪ್ ಪ್ರತಿ ಬಿಲ್ಲನ್ನು ಬೇರೆಬೇರೆಯಾಗಿ ನೋಡುತ್ತದೆ. ಯಾವುದೂ 5 ಲಕ್ಷ ದಾಟದ ಕಾರಣ ಏನೂ ಸಿಗದು. ಸೂಪರ್ ಟಾಪ್-ಅಪ್ ವರ್ಷದ ಒಟ್ಟು 8 ಲಕ್ಷವನ್ನು ನೋಡಿ 3 ಲಕ್ಷ ಕೊಡುತ್ತದೆ. ಸೂಪರ್ ಟಾಪ್-ಅಪ್ ಎಂದೇ ಕೇಳಿ ಪಡೆಯಬೇಕು.

ಗಂಭೀರ ಕಾಯಿಲೆಯ ಪಾಲಿಸಿ ಬೇರೆ ಬಗೆಯದು. ಪಟ್ಟಿಯಲ್ಲಿರುವ ಕಾಯಿಲೆ ಪತ್ತೆಯಾದರೆ ಬಿಲ್ಲು ಎಷ್ಟೇ ಇರಲಿ, ಒಂದು ಗಂಟು ಹಣ ಕೊಡುತ್ತದೆ. ಒಬ್ಬರ ದುಡಿಮೆಯಲ್ಲೇ ನಡೆಯುವ ಮನೆಗೆ ಇದು ಆಧಾರ. ಆದರೆ ಮೂಲ ಪಾಲಿಸಿ ಇಲ್ಲದೆ ಇದೊಂದನ್ನೇ ತೆಗೆದುಕೊಂಡರೆ ಡೆಂಗ್ಯೂ, ಅಪೆಂಡಿಕ್ಸ್‌ಗೆ ಆಸ್ಪತ್ರೆ ಸೇರಿದಾಗ ಒಂದು ರೂಪಾಯಿಯೂ ಬಾರದು.

ಹೊಟೇಲ್ ಕಾರ್ಮಿಕರಿಗೆ ಇಎಸ್‌ಐ

ಖಾಸಗಿ ಪ್ರೀಮಿಯಂ ಕಟ್ಟಲು ಸಾಧ್ಯವಿಲ್ಲದವರು ಇರುವ ಹಕ್ಕನ್ನು ಕಳೆದುಕೊಳ್ಳಬಾರದು. 10 ಅಥವಾ ಹೆಚ್ಚು ನೌಕರರಿರುವ ಹೊಟೇಲು, ಅಂಗಡಿ, ಕಾರ್ಖಾನೆಗಳು ಇಎಸ್‌ಐ ವ್ಯಾಪ್ತಿಗೆ ಬರುತ್ತವೆ. 2017ರಲ್ಲಿ ಸಂಬಳದ ಮಿತಿಯನ್ನು ತಿಂಗಳಿಗೆ 21,000 ರೂ.ಗೆ ಏರಿಸಲಾಯಿತು. 2019ರ ಜುಲೈಯಲ್ಲಿ ನೌಕರನ ಪಾಲನ್ನು ಶೇ. 0.75ಕ್ಕೆ, ಮಾಲಕರ ಪಾಲನ್ನು ಶೇ. 3.25ಕ್ಕೆ ಇಳಿಸಲಾಯಿತು. ಉದಾಹರಣೆಯ ತಮ್ಮನ 18,000 ರೂ. ಸಂಬಳದಲ್ಲಿ ಕಡಿತವಾಗುವುದು 135 ರೂ. ಮಾತ್ರ. ಅದಕ್ಕೆ ಅವನಿಗೂ ಅವಲಂಬಿತ ಕುಟುಂಬಕ್ಕೂ ಚಿಕಿತ್ಸೆ, ರಜೆಯ ದಿನಗಳಿಗೆ ಸಂಬಳದ ಒಂದು ಪಾಲು ಸಿಗುತ್ತದೆ. ಕಾಯುವ ಅವಧಿ, ರೂಮಿನ ಮಿತಿ ಇತ್ಯಾದಿ ತಲೆನೋವು ಇಲ್ಲಿಲ್ಲ. ‘ಸಂಬಳದಿಂದ ಕಡಿಯಬೇಡಿ’ ಎಂದು ಕಾರ್ಮಿಕರೇ ಮಾಲಕರಲ್ಲಿ ಕೇಳುವುದು ತಮ್ಮ ಕಾಲಿಗೆ ತಾವೇ ಕೊಡಲಿ ಹಾಕಿಕೊಂಡಂತೆ.

ಸರಕಾರದ ಯೋಜನೆಗಳು

ಮಹಾರಾಷ್ಟ್ರದಲ್ಲಿ 2012ರಲ್ಲಿ ರಾಜೀವ್ ಗಾಂಧಿ ಜೀವನದಾಯಿ ಆರೋಗ್ಯ ಯೋಜನೆಯಾಗಿ ಆರಂಭವಾದದ್ದು 2017ರಿಂದ ಮಹಾತ್ಮಾ ಜ್ಯೋತಿರಾವ್ ಫುಲೆ ಜನಾರೋಗ್ಯ ಯೋಜನೆ ಎಂಬ ಹೆಸರು ಪಡೆದಿದೆ. ಒಂದೂವರೆ ಲಕ್ಷವಿದ್ದ ಮೊತ್ತ 2024ರಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ಗೆ ಏರಿತು. ಹಳದಿ, ಕೇಸರಿ ರೇಶನ್ ಕಾರ್ಡ್‌ನವರ ಜತೆ ಬಿಳಿ ಕಾರ್ಡ್‌ನವರಿಗೂ ವಿಸ್ತರಣೆಯಾಯಿತು. ದಶಕಗಳಿಂದ ಇಲ್ಲಿ ನೆಲೆಸಿ, ಇಲ್ಲಿನ ರೇಶನ್ ಕಾರ್ಡ್ ಇರುವ ಕನ್ನಡಿಗರೂ ಇದಕ್ಕೆ ಅರ್ಹರು ಎಂಬುದು ಅನೇಕರಿಗೆ ತಿಳಿದಿಲ್ಲ. ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ, ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ ಮಾತ್ರ ಇದು ಅನ್ವಯ. ದಾಖಲಾಗುವ ಮೊದಲೇ ಆಸ್ಪತ್ರೆಯ ‘ಆರೋಗ್ಯ ಮಿತ್ರ’ ಮೇಜಿನಲ್ಲಿ ವಿಚಾರಿಸಬೇಕು.

70 ವರ್ಷ ದಾಟಿದವರಿಗೆ ಆದಾಯ ನೋಡದೆ 5 ಲಕ್ಷ ರೂ.ಗಳ ರಕ್ಷಣೆ ನೀಡುವ ಆಯುಷ್ಮಾನ್ ವಯ ವಂದನಾ ಕಾರ್ಡ್‌ಗೆ ಕೇಂದ್ರ ಸರಕಾರ 2024ರ ಅಕ್ಟೋಬರ್ 29ರಂದು ಚಾಲನೆ ನೀಡಿತು. ಖಾಸಗಿ ವಿಮೆ ಇದ್ದವರೂ ಇದನ್ನು ಪಡೆಯಬಹುದು. ಊರಿನಲ್ಲಿರುವ ತಂದೆ-ತಾಯಿಗೆ ಯಾವ ರಾಜ್ಯದ ಯೋಜನೆ, ಯಾವ ಆಸ್ಪತ್ರೆಯಲ್ಲಿ ಸಿಗುತ್ತದೆ ಎಂಬುದು ಆಧಾರ್ ಮತ್ತು ರೇಶನ್ ಕಾರ್ಡಿನ ವಿಳಾಸವನ್ನು ಅವಲಂಬಿಸಿರುವುದರಿಂದ ಮುಂದಿನ ಸಲ ಊರಿಗೆ ಹೋದಾಗ ಇದೊಂದು ಕೆಲಸ ಮುಗಿಸಿಕೊಂಡು ಬರುವುದು ಕ್ಷೇಮ.

ಹಾಗಾದರೆ ಯಾರಿಗೆ ಯಾವುದು?

ಉದಾಹರಣೆಯ ಕುಟುಂಬದ ಮಟ್ಟಿಗೆ ಹೇಳುವುದಾದರೆ, ಕಂಪೆನಿಯ ವಿಮೆ ಇರಲಿ. ಗಂಡ, ಹೆಂಡತಿ, ಮಕ್ಕಳಿಗೆ ಈಗಲೇ 5 ಲಕ್ಷದ ಸ್ವಂತ ಫ್ಲೋಟರ್ ಬೇಕು, ರೂಮಿನ ಮಿತಿ ಇಲ್ಲದ್ದಾದರೆ ಉತ್ತಮ. ಕೈಯಲ್ಲಿ ಇನ್ನಷ್ಟು ಹಣವಿದ್ದರೆ ಸೂಪರ್ ಟಾಪ್-ಅಪ್. ತಾಯಿಗೆ ಮೊದಲು ಸರಕಾರಿ ಕಾರ್ಡ್, ಸಾಧ್ಯವಾದರೆ ಪ್ರತ್ಯೇಕ ಪಾಲಿಸಿ. 65 ದಾಟಿದವರಿಗೂ ಹೊಸ ಪಾಲಿಸಿ ಪಡೆಯಲು 2024ರಿಂದ ವಯಸ್ಸಿನ ಅಡ್ಡಿ ತೆಗೆಯಲಾಗಿದೆ. ತಮ್ಮನಿಗೆ ಇಎಸ್‌ಐ. ರೈಲಿನಲ್ಲಿ ಓಡಾಡುವ ಎಲ್ಲರಿಗೂ ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂ. ಕಡಿತವಾಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಇರಲೇಬೇಕು. ಅದು ಆರೋಗ್ಯ ವಿಮೆಯಲ್ಲ, ಆದರೆ ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ 2 ಲಕ್ಷ ರೂ. ಸಿಗುತ್ತದೆ.

ವೈಯಕ್ತಿಕ ಮತ್ತು ಫ್ಲೋಟರ್ ಪಾಲಿಸಿಗಳ ಮೇಲಿದ್ದ ಶೇ. 18 ಜಿಎಸ್‌ಟಿಯನ್ನು 2025ರ ಸೆಪ್ಟಂಬರ್ 22ರಿಂದ ತೆಗೆದುಹಾಕಲಾಗಿದೆ. ಗುಂಪು ವಿಮೆಗೆ ಈ ವಿನಾಯಿತಿ ಇಲ್ಲ.

ಅರ್ಜಿ ತುಂಬುವಾಗ

ಏಜೆಂಟರು ಪರಿಚಯದವರೇ ಆಗಿದ್ದರೂ ಖಾಲಿ ಅರ್ಜಿಗೆ ಸಹಿ ಹಾಕಬಾರದು. ಸಕ್ಕರೆ ಕಾಯಿಲೆ, ಬಿ.ಪಿ., ಹಳೆಯ ಆಪರೇಷನ್ ಎಲ್ಲವನ್ನೂ ಬರೆಯಬೇಕು. ‘ಬರೆದರೆ ಪ್ರೀಮಿಯಂ ಜಾಸ್ತಿಯಾದೀತು’ ಎಂದು ಮುಚ್ಚಿಟ್ಟದ್ದೇ ಮುಂದೆ ಕ್ಲೇಮ್ ತಿರಸ್ಕಾರಕ್ಕೆ ಕಾರಣವಾಗುತ್ತದೆ. ಪಾಲಿಸಿ ಕೈಸೇರಿದ 30 ದಿನಗಳೊಳಗೆ ಓದಿ, ಒಪ್ಪಿಗೆಯಾಗದಿದ್ದರೆ ಹಿಂದಿರುಗಿಸಬಹುದು. ಇರುವ ಕಂಪೆನಿಯ ಸೇವೆ ಸರಿಯಿಲ್ಲವೆಂದು ಪಾಲಿಸಿ ನಿಲ್ಲಿಸಿಬಿಡುವುದು ದೊಡ್ಡ ತಪ್ಪು. ಕಳೆದ ವರ್ಷಗಳ ಲಾಭ ಉಳಿಸಿಕೊಂಡೇ ಬೇರೆ ಕಂಪೆನಿಗೆ ಹೋಗುವ ಸೌಲಭ್ಯ 2011ರಿಂದಲೇ ಇದೆ. ನವೀಕರಣಕ್ಕೆ ಒಂದೂವರೆ ತಿಂಗಳು ಮೊದಲೇ ಕೆಲಸ ಆರಂಭಿಸಬೇಕು.

ಕ್ಯಾಶ್‌ಲೆಸ್ ಕೋರಿಕೆಗೆ ಒಂದು ಗಂಟೆಯೊಳಗೆ, ಡಿಸ್ಚಾರ್ಜ್ ಸಮಯದ ಅಂತಿಮ ಮಂಜೂರಾತಿಗೆ ಮೂರು ಗಂಟೆಯೊಳಗೆ ಕಂಪೆನಿ ಉತ್ತರಿಸಬೇಕೆಂದು ಪ್ರಾಧಿಕಾರ 2024ರ ಮೇ ತಿಂಗಳಲ್ಲಿ ಆದೇಶಿಸಿದೆ. ಕ್ಲೇಮ್ ನಿರಾಕರಿಸಿದರೆ ಮೊದಲು ಕಂಪೆನಿಗೆ ಲಿಖಿತ ದೂರು ನೀಡಿ, 30 ದಿನಗಳಲ್ಲಿ ನ್ಯಾಯ ಸಿಗದಿದ್ದರೆ ವಿಮಾ ಓಂಬುಡ್ಸ್‌ಮನ್ ಬಳಿ ಹೋಗಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ.

ಸಂಘ-ಸಂಸ್ಥೆಗಳಿಗೂ ಇಲ್ಲಿ ಕೆಲಸವಿದೆ. ವರ್ಷಕ್ಕೊಮ್ಮೆ ನಡೆಯುವ ಉಚಿತ ವೈದ್ಯಕೀಯ ಶಿಬಿರದಲ್ಲಿ ರಕ್ತದೊತ್ತಡ, ಸಕ್ಕರೆ ಪರೀಕ್ಷೆಯ ಮೇಜಿನ ಪಕ್ಕದಲ್ಲಿ ಇನ್ನೊಂದು ಮೇಜು ಹಾಕಬಹುದು. ವಿಮೆ, ಬ್ಯಾಂಕ್ ಕ್ಷೇತ್ರದಲ್ಲಿ ದುಡಿದು ನಿವೃತ್ತರಾದ ಸದಸ್ಯರು ಅಲ್ಲಿ ಕುಳಿತು, ಇತರರು ತಂದ ಪಾಲಿಸಿಯನ್ನು ಓದಿ ಅದರಲ್ಲಿರುವ ಮಿತಿಗಳನ್ನು ಕನ್ನಡದಲ್ಲಿ ವಿವರಿಸಿದರೆ ಸಾಕು. ಪಾಲಿಸಿ ಮಾರಾಟಕ್ಕೆ ಆ ಮೇಜಿನಲ್ಲಿ ಅವಕಾಶ ಇರಬಾರದು ಅಷ್ಟೇ. ಅಂತಹ ಒಂದು ಸಂಜೆ, ಮುಂದೆ ಎಷ್ಟೋ ಮನೆಗಳ ವಂತಿಗೆಯ ಪಟ್ಟಿಯನ್ನು ತಪ್ಪಿಸಬಲ್ಲದು.

ಊರಿನಲ್ಲಿ ಮಳೆಗಾಲ ಹಿಡಿಯುವ ಮೊದಲೇ ಮಾಡಿನ ಹಂಚು ಕೈಯಾಡಿಸುವುದು ರೂಢಿ. ಸೋರಲು ಆರಂಭವಾದ ಮೇಲೆ ಮಾಡು ಹತ್ತುವವರಿಲ್ಲ. ಆರೋಗ್ಯ ವಿಮೆಯೂ ಅಷ್ಟೇ. ಮೈಯಲ್ಲಿ ಶಕ್ತಿ, ಕೈಯಲ್ಲಿ ಸಂಬಳ ಇರುವಾಗಲೇ ಸ್ವಂತ ಹೆಸರಿನ ಪಾಲಿಸಿಯೊಂದು ಮನೆಯಲ್ಲಿರಲಿ.